ಪಿಕಪ್ಪಿಗೆ ಹೊಸ ಅಲಾಯ್ ಹಾಕಿಸಿದ ಮೇಲಿನ ಡೀಸೆಲ್ ಲೆಕ್ಕ

ಗಾಡಿಯ ಚಕ್ರ ಬದಲಿಸಿದವರಿಗೆ ಮಲೆನಾಡಿನಲ್ಲಿ ಮೊದಲು ಎದುರಾಗುವುದು ಬೆಲೆಯ ಪ್ರಶ್ನೆ, ಅದರ ಹಿಂದೆಯೇ ಮೈಲೇಜಿನ ಪ್ರಶ್ನೆ. ಬೆಲೆಗೆ ಉತ್ತರ ಬಿಲ್ಲಿನಲ್ಲಿರುತ್ತದೆ. ಮೈಲೇಜಿನ ವಿಷಯದಲ್ಲಿ ಮಾತ್ರ ಒಬ್ಬರು ‘ಏನೂ ವ್ಯತ್ಯಾಸವಿಲ್ಲ’ ಎಂದರೆ ಇನ್ನೊಬ್ಬರು ‘ಲೀಟರಿಗೆ ಎರಡು ಕಿಲೋಮೀಟರ್ ಹೋಯಿತು’ ಎನ್ನುತ್ತಾರೆ, ಮತ್ತೊಬ್ಬರು ‘ಇಳಿಯುವುದಿರಲಿ, ಏರಿದೆ’ ಎಂದು ಆಣೆಯಿಟ್ಟು ಹೇಳುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಅರ್ಥವಾದದ್ದು ನನ್ನ ಇಸುಝು ವಿ-ಕ್ರಾಸ್ ಪಿಕಪ್ಪಿನ ಚಕ್ರಗಳನ್ನು ಬದಲಿಸಿ, ಪ್ರತಿ ಹಂತದಲ್ಲೂ ಡೀಸೆಲ್ ಅಳೆದು ಬರೆದಿಟ್ಟುಕೊಂಡ ಮೇಲೆ.

ಸಕಲೇಶಪುರದ ಕಡೆಯ ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಕೊನೆಯ ಭಾಗ ಕೆಮ್ಮಣ್ಣಿನ ಏರು. ಜೂನ್ ಕಳೆದರೆ ಹೆದ್ದಾರಿಗೆಂದು ಮಾಡಿದ ಟೈರಿನ ಸಣ್ಣ ಗೀರುಗಳಲ್ಲಿ ಜೇಡಿ ತುಂಬಿಕೊಂಡು, ಫೋರ್ ವೀಲ್ ಹಾಕಿದರೂ ಚಕ್ರ ನಿಂತಲ್ಲೇ ಸುತ್ತುತ್ತದೆ. ಆದ್ದರಿಂದ ನನಗೆ ಬೇಕಾಗಿದ್ದದ್ದು ಕೆಸರಿಗೆ ಹಿಡಿತ ಕೊಡುವ ಆಲ್ ಟೆರೇನ್ ಟೈರು. ಅದರ ಜೊತೆಗೆ ಡಿಸ್ಕನ್ನೂ, ಅಂದರೆ ಟೈರು ಕೂರುವ ಲೋಹದ ಚಕ್ರವನ್ನೂ, ಬದಲಿಸುವ ಯೋಚನೆ ಬಂದದ್ದಕ್ಕೆ ಕಾರಣ ಅರ್ಧ ಅಗಲದ ಟೈರಿನ ಅಗತ್ಯ, ಇನ್ನರ್ಧ ಚೆಂದ ಎಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇನಿಲ್ಲ. ಅಲಾಯ್, ಅಂದರೆ ಅಲ್ಯೂಮಿನಿಯಮ್ ಮಿಶ್ರಲೋಹದ ಡಿಸ್ಕು, ಹಾಕಿಸುವ ಹತ್ತರಲ್ಲಿ ಒಂಬತ್ತು ಮಂದಿಗೆ ಚೆಂದವೇ ಪೂರ್ತಿ ಕಾರಣ.

ಗಾಡಿಗೆ ಕಂಪನಿಯಿಂದ ಬಂದಿದ್ದದ್ದು 245/70 ಆರ್ 16 ಅಳತೆಯ ಟೈರು. ಅಂದರೆ ಅಗಲ 245 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 70, ಡಿಸ್ಕಿನ ವ್ಯಾಸ 16 ಇಂಚು. ಇದನ್ನು ಕೂಡಿಸಿದರೆ ಹೊಸ ಟೈರಿನ ಹೊರವ್ಯಾಸ 749 ಮಿ.ಮೀ. ಆಗುತ್ತದೆ. ನಾನು ಆರಿಸಿಕೊಂಡ 265/70 ಆರ್ 16ರ ಹೊರವ್ಯಾಸ 777 ಮಿ.ಮೀ., ಅಂದರೆ ನೂರಕ್ಕೆ 3.7ರಷ್ಟು ದೊಡ್ಡದು. ಪಕ್ಕದ ಊರಿನ ಗೆಳೆಯರೊಬ್ಬರು 17 ಇಂಚಿನ ಡಿಸ್ಕಿಗೆ 265/70 ಹಾಕಿಸಿಕೊಂಡಿದ್ದಾರೆ. ಅದರ ವ್ಯಾಸ 803 ಮಿ.ಮೀ.ಗೆ ಹೋಗುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಅಷ್ಟು ದೂರ ಹೋಗುವ ಮನಸ್ಸು ನನಗಿರಲಿಲ್ಲ. ಇಂಚು ಏರಿಸದೆ 16ರಲ್ಲೇ ಉಳಿದದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ನಮ್ಮ ರಸ್ತೆಯ ಗುಂಡಿಗಳಿಗೆ ಟೈರಿನ ಪಕ್ಕದ ರಬ್ಬರು ಎತ್ತರವಾಗಿರುವುದೇ ಒಳ್ಳೆಯದು.

ಡಿಸ್ಕ್ ಆರಿಸುವಾಗ ನೋಡಬೇಕಾದ ಸಂಗತಿಗಳಲ್ಲಿ ಹೊಳಪಿಗೆ ಕೊನೆಯ ಸ್ಥಾನ. ಆರು ಬೋಲ್ಟಿನ, 139.7 ಮಿ.ಮೀ. ಪಿಸಿಡಿಯ (ಬೋಲ್ಟುಗಳ ನಡುವನ್ನು ಹಾದುಹೋಗುವ ವೃತ್ತದ ವ್ಯಾಸ) ಡಿಸ್ಕು ಇಸುಝು, ಫಾರ್ಚುನರ್ ಎರಡಕ್ಕೂ ಸಮಾನ. ಆದರೆ ನಡುವಿನ ತೂತಿನ ವ್ಯಾಸ ಬೇರೆ ಬೇರೆ, ಆದ್ದರಿಂದ ಬೋಲ್ಟು ಕೂತಿತೆಂದ ಮಾತ್ರಕ್ಕೆ ಡಿಸ್ಕು ಹಬ್ಬಿನ (ಆಕ್ಸಲ್ಲಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಮೇಲೆ ಸರಿಯಾಗಿ ಕೂತಿದೆ ಎಂದು ಹೇಳಲಾಗದು. ಜೆಡಬ್ಲ್ಯೂಎಲ್ ಎಂಬ ಜಪಾನಿ ಗುರುತು ಕಾರಿನ ಡಿಸ್ಕುಗಳಿಗೆ. ಲಾರಿ, ಬಸ್ಸಿನ ಜಾತಿಯ ಭಾರದ ವಾಹನಗಳಿಗೆ ಬೇಕಾದದ್ದು ಕೊನೆಯಲ್ಲಿ ‘ಟಿ’ ಸೇರಿದ ಗುರುತು. ಡಿಸ್ಕಿನ ಹಿಂಬದಿಯಲ್ಲಿ ಎರಕದಲ್ಲೇ ಮೂಡಿರುವ ಭಾರದ ಮಿತಿಯನ್ನು ಟಾರ್ಚ್ ಹಿಡಿದು ಓದಿಯೇ ನಾನು ಹಣ ಕೊಟ್ಟೆ. ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವ ಗಾಡಿಗೆ ಕಾರಿನ ಡಿಸ್ಕು ಹಾಕುವುದು ಮೈಲೇಜಿನ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಮೈಲೇಜಿಗೆ ಸಂಬಂಧಿಸಿದ್ದು ಆಫ್‌ಸೆಟ್. ಡಿಸ್ಕಿನ ಅಗಲದ ನಟ್ಟನಡುವಿಗೂ ಹಬ್ಬಿಗೆ ಒತ್ತಿ ನಿಲ್ಲುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ನನ್ನ ಹೊಸ ಡಿಸ್ಕು ಹಳೆಯದಕ್ಕಿಂತ ಒಂದು ಇಂಚು ಹೆಚ್ಚು ಅಗಲ, ಆಫ್‌ಸೆಟ್ಟೂ ಸ್ವಲ್ಪ ಕಡಿಮೆ. ಎರಡೂ ಸೇರಿ ಚಕ್ರದ ಹೊರಮುಖ ಸುಮಾರು 25 ಮಿ.ಮೀ. ಆಚೆ ಬಂತು. ಮಡ್‌ಗಾರ್ಡಿನ ಅಂಚಿಗೆ ಮರದ ಪಟ್ಟಿ ನೇರವಾಗಿ ಹಿಡಿದು ನೋಡಿದರೆ ರಬ್ಬರು ಕೂದಲೆಳೆಯಷ್ಟು ಒಳಗೇ ಇತ್ತು. ಇದಕ್ಕಿಂತ ಹೊರಗೆ ಬಂದರೆ ಗಾಳಿಯ ತಡೆ ಹೆಚ್ಚುವುದರ ಜೊತೆಗೆ, ಎರಚುವ ಕೆಸರೆಲ್ಲ ಬಾಗಿಲಿನ ಹಿಡಿಕೆಗೇ ಬಂದು ಮೆತ್ತಿಕೊಳ್ಳುತ್ತದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತವಾಗಿ ಹೇಳಿದೆ. ಡಿಸ್ಕಿನ ವ್ಯಾಸ ಬದಲಿಸದೆ ಉಳಿಯುವುದಕ್ಕೆ ಇದೂ ಒಂದು ಕಾರಣವಾಗಿತ್ತು. ಮಾಡಿಸಿದ್ದನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿದ್ದೇನೆ.

ಹೊಸ ಡಿಸ್ಕುಗಳು ಬಂದ ದಿನವೇ ಅವನ್ನು ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲಿಟ್ಟೆ. ಅಂಗಡಿಯವರು ‘ಅಲಾಯ್ ಅಂದರೆ ಹಗುರ, ಮೈಲೇಜ್ ಜಾಸ್ತಿಯಾಗುತ್ತೆ’ ಎಂದಿದ್ದರು. ಹಳೆಯದೂ ಅಲಾಯೇ ಆಗಿತ್ತು. ತಕ್ಕಡಿ ತೋರಿಸಿದ ಪ್ರಕಾರ ಹೊಸದು ಅದಕ್ಕಿಂತ ಎರಡು ಕೆ.ಜಿ.ಗೂ ಸ್ವಲ್ಪ ಹೆಚ್ಚು ಭಾರ. ಇದರಲ್ಲಿ ಮೋಸವೇನೂ ಇಲ್ಲ. ಅಚ್ಚಿಗೆ ಹೊಯ್ದ ಸಾಧಾರಣ ಎರಕದ ಡಿಸ್ಕು ಗಟ್ಟಿಯಾಗಬೇಕಾದರೆ ದಪ್ಪವಾಗಬೇಕು, ದಪ್ಪವಾದರೆ ತೂಗುತ್ತದೆ. ಅಲ್ಯೂಮಿನಿಯಮ್ಮನ್ನು ಒತ್ತಿ ಮಾಡಿದ ಫೋರ್ಜ್ಡ್ ಡಿಸ್ಕು ನಿಜಕ್ಕೂ ಹಗುರ, ಆದರೆ ಅದರ ಬೆಲೆಯೇ ಬೇರೆ. ದೊಡ್ಡ ಲಾರಿಗಳ ಮಾಲೀಕರು ಅದನ್ನು ಹಾಕಿಸಿಕೊಳ್ಳುವುದಕ್ಕೆ ಬಲವಾದ ಲೆಕ್ಕವಿದೆ: ಹನ್ನೆರಡು ಚಕ್ರಗಳಲ್ಲಿ ಉಳಿದ ಭಾರವಷ್ಟೂ ಬಾಡಿಗೆ ತರುವ ಸರಕಾಗುತ್ತದೆ. ಪಿಕಪ್ಪಿನವರಿಗೆ ಆ ಲಾಭವಿಲ್ಲ.

ಟೈರುಗಳು ಬರುವುದು ತಡವಾದದ್ದರಿಂದ ನನಗೊಂದು ಅನುಕೂಲವೇ ಆಯಿತು. ಹಳೆಯ 245/70 ಟೈರನ್ನು ಎಂಟು ಇಂಚು ಅಗಲದ ಈ ಹೊಸ ಡಿಸ್ಕಿಗೂ ಕೂರಿಸಬಹುದು. ಹಾಗಾಗಿ ಮೊದಲು ಹಳೆಯ ಡಿಸ್ಕು ಹಳೆಯ ಟೈರು, ಆಮೇಲೆ ಹೊಸ ಡಿಸ್ಕು ಹಳೆಯ ಟೈರು, ಕೊನೆಗೆ ಹೊಸ ಡಿಸ್ಕು ಹೊಸ ಟೈರು ಎಂದು ಒಂದೊಂದೇ ಬದಲಾವಣೆಯ ಪರಿಣಾಮವನ್ನು ಬೇರೆ ಬೇರೆಯಾಗಿ ನೋಡುವುದು ಸಾಧ್ಯವಾಯಿತು. ಸಾಮಾನ್ಯವಾಗಿ ಡಿಸ್ಕು, ಟೈರು, ಕೆಲವೊಮ್ಮೆ ಎತ್ತರ ಏರಿಸುವ ಕಿಟ್ಟು, ಎಲ್ಲವೂ ಒಂದೇ ಮಧ್ಯಾಹ್ನ ಗಾಡಿಗೆ ಏರುತ್ತವೆ. ಮರುದಿನದಿಂದ ಕುಡಿಯುವ ಡೀಸೆಲ್ಲಿಗೆ ಯಾವುದು ಕಾರಣವೆಂದು ಆಮೇಲೆ ಯಾರೂ ಹೇಳಲಾರರು.

ಅಳತೆಯ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜನರ ಉತ್ತರಗಳು ಬೇರೆಯಾಗುವುದು ಬಹುಪಾಲು ಇಲ್ಲಿಯೇ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದೇ ಬಂಕಿನಲ್ಲಿ, ಒಂದೇ ಪಂಪಿನ ಬಳಿ, ಗಾಡಿಯನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ನಳಿಕೆ ತಾನಾಗಿ ನಿಂತಲ್ಲಿಗೆ ಫುಲ್ ಟ್ಯಾಂಕ್ ಎಂದು ಇಟ್ಟುಕೊಂಡೆ. ನಿಂತ ಮೇಲೂ ‘ರೌಂಡ್ ಫಿಗರ್ ಮಾಡಲಾ ಸಾರ್’ ಎಂದು ಹುಡುಗರು ಮತ್ತೆ ಒತ್ತುವುದುಂಟು. ಬೇಡವೆಂದು ಮೊದಲೇ ಹೇಳಿರಬೇಕು. ಒಂದು ಟ್ಯಾಂಕಿನ ಲೆಕ್ಕವನ್ನು ನಂಬಲಾಗದು, ಹಲವು ಟ್ಯಾಂಕುಗಳನ್ನು ಒಟ್ಟಿಗೆ ಕೂಡಿಸಿದರೆ ತುಂಬಿಸುವುದರಲ್ಲಿನ ಸಣ್ಣ ಏರುಪೇರು ಕರಗಿಹೋಗುತ್ತದೆ.

ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ತೊಡಕು ಘಾಟಿಯದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಎರಡು ಟನ್ನಿನ ಗಾಡಿಯನ್ನು ಕಡಲ ಮಟ್ಟದಿಂದ ಅಷ್ಟು ಮೇಲಕ್ಕೆ ಎತ್ತುವುದಕ್ಕೇ, ಎಂಜಿನ್ನು ಡೀಸೆಲ್ಲಿನ ಶಕ್ತಿಯಲ್ಲಿ ಮೂರನೆಯ ಒಂದಕ್ಕಿಂತ ತುಸು ಹೆಚ್ಚನ್ನು ಕೆಲಸಕ್ಕೆ ತಿರುಗಿಸುತ್ತದೆಂದು ಹಿಡಿದರೆ, ಒಂದೂವರೆ ಲೀಟರಿನ ಹತ್ತಿರ ಬೇಕಾಗುತ್ತದೆ. ಆದ್ದರಿಂದ ದೋಣಿಗಾಲಿನಿಂದ ಶಿರಾಡಿ ಇಳಿದು ಮಂಗಳೂರಿಗೆ ಹೋದವನು ‘ಹದಿನೇಳು ಕೊಟ್ಟಿತು’ ಎಂದು ಹಿಗ್ಗುತ್ತಾನೆ, ಅಲ್ಲಿಂದ ಗುಂಡ್ಯ ಹಾದು ಹತ್ತಿ ಬಂದವನು ಅದೇ ಗಾಡಿಯನ್ನು ಶಪಿಸುತ್ತಾನೆ. ಹೋಗಿ ಬಂದದ್ದು ಪೂರ್ತಿಯಾದರೆ ಮಾತ್ರ ನಾನು ಅದನ್ನು ಪುಸ್ತಕಕ್ಕೆ ಏರಿಸುತ್ತಿದ್ದೆ. ಮಳೆಯೂ ಹಾಗೆಯೇ. ನೀರು ನಿಂತ ರಸ್ತೆಯಲ್ಲಿ ಟೈರು ನೀರನ್ನು ತಳ್ಳುತ್ತಲೇ ಉರುಳಬೇಕಾದ್ದರಿಂದ ಖರ್ಚು ಹೆಚ್ಚು. ಜನವರಿಯ ಹಳೆಯ ಟೈರಿನ ಲೆಕ್ಕವನ್ನು ಜುಲೈನ ಹೊಸ ಟೈರಿನ ಲೆಕ್ಕದ ಪಕ್ಕದಲ್ಲಿಟ್ಟು ಟೈರನ್ನು ದೂರುವುದು ನ್ಯಾಯವಲ್ಲ. ನಾನು ಮೂರು ಹಂತಗಳನ್ನೂ ಒಣ ತಿಂಗಳುಗಳಲ್ಲೇ ಮುಗಿಸಿದೆ.

ಇಷ್ಟೆಲ್ಲ ಆದ ಮೇಲೂ ಉಳಿಯುವ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಸಂಗತಿಯೆಂದರೆ ಓಡೋಮೀಟರ್. ಅದು ದೂರವನ್ನು ಅಳೆಯುವುದಿಲ್ಲ, ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಂಪನಿಯವರು ಮೂಲ ಟೈರಿನ ಮೇಲೆ ನಿಗದಿ ಮಾಡಿರುತ್ತಾರೆ. ಟೈರು ದೊಡ್ಡದಾದರೆ ಅದೇ ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗಿರುತ್ತದೆ, ಓಡೋಮೀಟರಿಗೆ ಅದು ತಿಳಿಯುವುದಿಲ್ಲ. ಹೀಗಾಗಿ ನೂರು ಕಿಲೋಮೀಟರ್ ಎಂದು ತೋರಿಸುವಾಗ ನಿಜಕ್ಕೂ 103ಕ್ಕೂ ಮಿಕ್ಕಿ ಓಡಿರುತ್ತದೆ, ಮೈಲೇಜು ಮಾತ್ರ ನೂರರ ಮೇಲೆಯೇ ಲೆಕ್ಕವಾಗುತ್ತದೆ. ಇದರ ಜೊತೆಗೆ ಯಾರೂ ಗಮನಿಸದ ಇನ್ನೊಂದು ಮಗ್ಗುಲಿದೆ. ಸವೆದ ಟೈರು ಚಿಕ್ಕದಾಗಿರುತ್ತದೆ. ಹೊಸದರಲ್ಲಿ ಎಂಟು ಮಿ.ಮೀ. ಇದ್ದ ಗೀರು ಮೂರಕ್ಕೆ ಇಳಿದರೆ ವ್ಯಾಸದಲ್ಲಿ ಹತ್ತು ಮಿ.ಮೀ. ಹೋದಂತೆ, ಅಂದರೆ ನೂರಕ್ಕೆ 1.3. ಸವೆದ ಹಳೆಯ ಟೈರಿನಲ್ಲಿ ಓಡೋಮೀಟರ್ ಇಲ್ಲದ ದೂರವನ್ನು ಸೇರಿಸಿ ಮೈಲೇಜನ್ನು ಉಬ್ಬಿಸುತ್ತದೆ. ದೊಡ್ಡ ಹೊಸ ಟೈರಿನಲ್ಲಿ ಇರುವ ದೂರವನ್ನು ಬಿಟ್ಟು ಮೈಲೇಜನ್ನು ತಗ್ಗಿಸುತ್ತದೆ. ಎರಡೂ ಒಂದೇ ದಿಕ್ಕಿಗೆ ಸೇರಿ ನೂರಕ್ಕೆ ಐದರಷ್ಟು ಅಂತರ ತೋರುತ್ತದೆ, ಒಂದು ಹನಿ ಡೀಸೆಲ್ಲೂ ಹೆಚ್ಚಿಗೆ ಖರ್ಚಾಗದೆ.

ಬಾಳ್ಳುಪೇಟೆ, ಆಲೂರಿನ ಮೇಲೆ ಹಾಸನದವರೆಗಿನ ಹೆದ್ದಾರಿಯಲ್ಲಿ ಮೊಬೈಲಿನ ಜಿಪಿಎಸ್ ಇಟ್ಟುಕೊಂಡು ಇದನ್ನು ಪರೀಕ್ಷಿಸಿದೆ. ಕಿಲೋಮೀಟರ್ ಕಲ್ಲುಗಳನ್ನೂ ನೋಡಿದೆ, ಆದರೆ ರಸ್ತೆ ಅಗಲ ಮಾಡುವಾಗ ಅವು ಅತ್ತಿತ್ತ ಆಗಿರುವುದರಿಂದ ಪೂರ್ತಿ ನೆಚ್ಚಲಿಲ್ಲ. ಸವೆದ ಹಳೆಯ ಟೈರಿನಲ್ಲಿ ಓಡೋಮೀಟರಿನ ನೂರು ಕಿ.ಮೀ. ಅಂದರೆ ನಿಜದಲ್ಲಿ ಸುಮಾರು 98.5, ಹೊಸ ಟೈರಿನಲ್ಲಿ 103.5. ಕಾಗದದ ಮೇಲಿನ ಲೆಕ್ಕಕ್ಕೂ ರಸ್ತೆಗೂ ಇಷ್ಟು ಚೆನ್ನಾಗಿ ತಾಳೆಯಾದದ್ದನ್ನು ನೋಡಿ, ಸಣ್ಣ ವಿಷಯವಾದರೂ ಆ ದಿನವೆಲ್ಲ ಖುಷಿಯಲ್ಲಿದ್ದೆ.

ಈಗ ಫಲಿತಾಂಶಕ್ಕೆ ಬರುತ್ತೇನೆ. ಮೊದಲ ಹಂತದಲ್ಲಿ ಓಡೋಮೀಟರಿನ ಪ್ರಕಾರ ಲೀಟರಿಗೆ 12.9 ಬರುತ್ತಿತ್ತು, ತಿದ್ದಿದರೆ ನಿಜವಾದದ್ದು 12.7. ಹೊಸ ಡಿಸ್ಕಿಗೆ ಅದೇ ಹಳೆಯ ಟೈರು ಹಾಕಿ ಓಡಿಸಿದಾಗ ತಿದ್ದಿದ ಲೆಕ್ಕ 12.6ಕ್ಕೆ ಬಂತು. ಈ ಒಂದು ದಶಾಂಶ ಡಿಸ್ಕಿನದೋ, ಬಂಕಿನ ನಳಿಕೆಯದೋ ಎಂದು ಬೇರ್ಪಡಿಸುವಷ್ಟು ನಿಖರತೆ ನನ್ನ ವಿಧಾನಕ್ಕಿಲ್ಲ. ಅಂದರೆ ಭಾರವಾದ, ಅಗಲವಾದ, ಹೊರಕ್ಕೆ ಚಾಚಿದ ಡಿಸ್ಕು ಒಂದೇ ಆಗಿ ಮಾಡಿದ ಹಾನಿ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಇದು ಏಕೆ ಹೀಗೆ ಎಂಬುದಕ್ಕೆ ಸರಳವಾದ ಉತ್ತರವಿದೆ. ತಿರುಗುವ ಭಾರವನ್ನು ವೇಗಕ್ಕೆ ತರಲು ಎರಡು ಕೆಲಸ ಆಗಬೇಕು: ಅದನ್ನು ಮುಂದಕ್ಕೂ ಒಯ್ಯಬೇಕು, ಸುತ್ತಿಸಲೂ ಬೇಕು. ಹೊರ ಅಂಚಿನಲ್ಲಿರುವ ರಬ್ಬರಿನ ಒಂದು ಕೆ.ಜಿ. ಸುಮಾರು ಎರಡು ಕೆ.ಜಿ.ಯಂತೆ ವರ್ತಿಸುತ್ತದೆ, ನಡುವಿಗೆ ಹತ್ತಿರವಿರುವ ಡಿಸ್ಕಿನ ಒಂದು ಕೆ.ಜಿ. ಒಂದೂಕಾಲಿನಿಂದ ಒಂದೂವರೆಯಷ್ಟು. ನನ್ನ ನಾಲ್ಕು ಡಿಸ್ಕುಗಳಲ್ಲಿ ಹೆಚ್ಚಿದ ಒಂಬತ್ತು ಕೆ.ಜಿ.ಯನ್ನೂ, ಆಮೇಲೆ ನಾಲ್ಕು ಟೈರುಗಳಲ್ಲಿ ಹೆಚ್ಚಿದ ಹದಿನಾರು ಕೆ.ಜಿ.ಯನ್ನೂ ಈ ಪ್ರಮಾಣದಲ್ಲಿ ಕೂಡಿಸಿದರೂ ಒಟ್ಟು ಸುಮಾರು ನಲವತ್ತು ಕೆ.ಜಿ. ಆಗುತ್ತದೆ, ಹಿಂದೆ ಒಂದು ಮೂಟೆ ಯೂರಿಯಾ ಹಾಕಿಕೊಂಡಂತೆ. ಅದೂ ವೇಗ ಏರಿಸುವಾಗ ಮಾತ್ರ. ಒಂದೇ ವೇಗದಲ್ಲಿ ಹೋಗುತ್ತಿರುವಾಗ ಸುತ್ತುವ ಭಾರಕ್ಕೆ ಬೇರೆ ಖರ್ಚಿಲ್ಲ. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಓಡಾಡುವವರಿಗೆ, ಪ್ರತಿಸಲ ಕೊಟ್ಟ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಹೋಗುವುದರಿಂದ, ಇದು ಸ್ವಲ್ಪ ತಟ್ಟುತ್ತದೆ. ಘಾಟಿಯಲ್ಲಿ ಭಾರದ ಚಕ್ರ ಬಹಳ ಎಳೆಯುತ್ತದೆ ಎಂಬ ಮಾತನ್ನು ನಾನೂ ನಂಬಿಕೊಂಡಿದ್ದೆ. ಆದರೆ ಏರು ಹತ್ತುವುದಕ್ಕೆ ಸುತ್ತುವ ಭಾರವೂ ಸುಮ್ಮನೆ ಕೂತ ಭಾರವೂ ಒಂದೇ, ಇಪ್ಪತ್ತೈದು ಕೆ.ಜಿ.ಯನ್ನು ಕಡಲಿನಿಂದ ಸಕಲೇಶಪುರಕ್ಕೆ ಎತ್ತಲು ತಗಲುವುದು ಇಪ್ಪತ್ತು ಮಿಲಿಲೀಟರಿನಷ್ಟು ಡೀಸೆಲ್ಲು.

ಮೂರನೆಯ ಹಂತದಲ್ಲಿ ಲೆಕ್ಕ ನಿಜವಾಗಿ ಬದಲಾಯಿತು. ಹೊಸ ಆಲ್ ಟೆರೇನ್ ಟೈರಿನಲ್ಲಿ ಓಡೋಮೀಟರಿನ ಪ್ರಕಾರ 11.5. ಇಷ್ಟನ್ನೇ ನೋಡಿದರೆ 12.9ರಿಂದ 11.5ಕ್ಕೆ, ನೂರಕ್ಕೆ ಹನ್ನೊಂದರ ಇಳಿತ. ಊರಿನಲ್ಲಿ ಕೇಳಿಬರುವ ‘ಒಂದೂವರೆ ಹೋಯಿತು’ ಎಂಬ ಮಾತು ಹುಟ್ಟುವುದು ಹೀಗೆ. ತಿದ್ದಿ ನೋಡಿದರೆ 11.9. ನಿಜವಾದ ಇಳಿತ ನೂರಕ್ಕೆ ಆರರ ಆಸುಪಾಸು. ಕಂಡ ನಷ್ಟದಲ್ಲಿ ಅರ್ಧದ ಹತ್ತಿರ ಬರೀ ಎಣಿಕೆಯದು.

ಆ ಆರರಲ್ಲಿ ಹೆಚ್ಚಿನ ಪಾಲು ಉರುಳುವ ತಡೆಯದು. ಟೈರು ನೆಲ ಮುಟ್ಟಿದಲ್ಲಿ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ; ಈ ಬಾಗುವಿಕೆಯಲ್ಲಿ ರಬ್ಬರು ನುಂಗಿದ ಶಕ್ತಿಯಷ್ಟನ್ನೂ ತಿರುಗಿ ಕೊಡದೆ ಬಿಸಿಯಾಗಿ ಬಿಟ್ಟುಬಿಡುತ್ತದೆ. ದಪ್ಪ ಕಟ್ಟೆಗಳ (ಗೀರುಗಳ ನಡುವೆ ಎದ್ದು ನಿಂತ ರಬ್ಬರಿನ ತುಂಡುಗಳು), ಆಳವಾದ ಗೀರುಗಳ ಆಲ್ ಟೆರೇನಿನಲ್ಲಿ ರಬ್ಬರೂ ಹೆಚ್ಚು, ಒಂದೊಂದು ಕಟ್ಟೆಯೂ ಬೇರೆ ಬೇರೆಯಾಗಿ ಅಲುಗುತ್ತದೆ. ಹೊಸತರಲ್ಲಿ ಹಾಸನಕ್ಕೆ ಹೋಗಿ ನಿಲ್ಲಿಸಿ, ಹಿಂದೆ ಹಳೆಯ ಟೈರನ್ನು ಮುಟ್ಟಿ ನೋಡಿದಂತೆಯೇ ಇದರ ಮೇಲೂ ಕೈಯಿಟ್ಟು ನೋಡಿದೆ. ಬಿಸಿ ಹೆಚ್ಚೆಂಬುದು ಅಂಗೈಗೇ ತಿಳಿಯುತ್ತಿತ್ತು. ಕಟ್ಟೆಗಳ ನಡುವೆ ತೋಟದ ದಾರಿಯ ಬೆಣಚುಕಲ್ಲಿನ ಚೂರುಗಳು ಸಿಕ್ಕಿಕೊಂಡು ಟಾರಿನ ಮೇಲೆ ಟಕಟಕ ಎನ್ನುತ್ತಿದ್ದವು. ಅರವತ್ತು ದಾಟಿದ ಮೇಲೆ ಏಳುವ ಗುಂಯ್ ಎಂಬ ಸದ್ದು ಕೂಡ ಎಲ್ಲಿಂದಲೋ ಬಿಟ್ಟಿ ಬರುವುದಲ್ಲ. ಉರುಳುವ ತಡೆ ನೂರಕ್ಕೆ ಹತ್ತು ಬದಲಾದರೆ ಇಂಧನದಲ್ಲಿ ಒಂದರಿಂದ ಎರಡರಷ್ಟು ಬದಲಾಗುತ್ತದೆ ಎಂದು ಅಮೆರಿಕದ ಟ್ರಾನ್ಸ್‌ಪೋರ್ಟೇಶನ್ ರಿಸರ್ಚ್ ಬೋರ್ಡ್ 2006ರ ವರದಿಯಲ್ಲಿ ಹೇಳಿತ್ತು. ಹೆದ್ದಾರಿ ಟೈರಿನಿಂದ ಇಂಥ ಟೈರಿಗೆ ಹೋದಾಗ ತಡೆ ಹತ್ತಲ್ಲ, ಅದರ ಹಲವು ಪಟ್ಟು ಏರಬಹುದಾದ್ದರಿಂದ ನನ್ನ ಅಂಕಿ ಅಸಹಜವಲ್ಲ. ನಮ್ಮಲ್ಲಿಯೂ ಎಐಎಸ್-142 ಎಂಬ ಮಾನದಂಡ ಟೈರುಗಳ ಉರುಳುವ ತಡೆಗೆ ಮಿತಿ ಹಾಕುತ್ತದೆ. ಆದರೆ ಅಂಗಡಿಯಲ್ಲಿ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಉಳಿದದ್ದು ಗಾಳಿಯದು ಮತ್ತು ಗೇರಿನದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅರವತ್ತರಿಂದ ತೊಂಬತ್ತಕ್ಕೆ ಹೋದರೆ ಎರಡೂಕಾಲು ಪಟ್ಟು. ಎತ್ತರವೂ ಅಗಲವೂ ಹೆಚ್ಚಿದ ಚಕ್ರದ ಪಾಲು ಅದರಲ್ಲಿ ಚಿಕ್ಕದಾದರೂ, ಚನ್ನರಾಯಪಟ್ಟಣ ದಾಟಿ ಕುಣಿಗಲ್ ಕಡೆಗೆ ನೂರರ ಹತ್ತಿರ ಓಡಿಸುವ ದಿನಗಳಲ್ಲಿ ಕಾಣಿಸುತ್ತದೆ. ಗೇರಿನ ವಿಷಯ ಎರಡೂ ಬದಿಗೆ ಕೊಯ್ಯುವಂಥದ್ದು. ದೊಡ್ಡ ಟೈರಿನಿಂದ ಎಲ್ಲ ಗೇರೂ ಒಂದಿಷ್ಟು ಉದ್ದವಾಗುತ್ತವೆ: ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ನು ಸ್ವಲ್ಪ ನಿಧಾನವಾಗಿ ತಿರುಗುತ್ತದೆ, ಅದು ಲಾಭವೇ, ಆದರೆ ಶಿರಾಡಿಯ ತಿರುವುಗಳಲ್ಲಿ ಹಿಂದೆ ಮೂರನೆಯ ಗೇರಿನಲ್ಲೇ ಎಳೆದುಕೊಂಡು ಹೋಗುತ್ತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕಾಗುತ್ತದೆ. ‘ಮೈಲೇಜ್ ಏರಿದೆ’ ಎನ್ನುವ ಆ ಮೂರನೆಯವರು ಬಹುಶಃ ಸಮತಟ್ಟಾದ ಹೆದ್ದಾರಿಯಲ್ಲಿ, ಸಾಧಾರಣ ಗೀರಿನ ದೊಡ್ಡ ಟೈರಿನಲ್ಲಿ, ನಿಧಾನವಾಗಿ ಓಡಿಸುವವರು. ಒಂದು ಎಚ್ಚರಿಕೆ: ಸ್ಪೀಡೋಮೀಟರು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತಿರುತ್ತದೆ, ದೊಡ್ಡ ಟೈರು ಆ ಅಂಚನ್ನು ತಿಂದುಹಾಕುವುದರಿಂದ ಮುಳ್ಳು ಎಂಬತ್ತು ತೋರಿಸಿದರೆ ಈಗ ಎಂಬತ್ತೇ.

ಗಾಳಿ ಹೊಡೆಸುವುದರಲ್ಲಿ ನಮ್ಮವರು ತೋರುವ ಉದಾಸೀನ ಮಾತ್ರ ನನಗೆ ಅರ್ಥವಾಗದು. ಎಲ್ಲ ಟೈರುಗಳಲ್ಲೂ ಗಾಳಿಯ ಒತ್ತಡ ಒಂದು ಪಿಎಸ್‌ಐ ಕಡಿಮೆಯಾದರೆ ಇಂಧನದಲ್ಲಿ ನೂರಕ್ಕೆ 0.2ರಷ್ಟು ನಷ್ಟವೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಕೆಸರಿನ ದಾರಿಗೆಂದು ಆರು ಪಿಎಸ್‌ಐ ಇಳಿಸಿ, ಹಾಗೆಯೇ ಹಾಸನಕ್ಕೆ ಹೋಗಿ ಬಂದರೆ ನನ್ನ ಡಿಸ್ಕಿನ ಭಾರ ಮಾಡಿದ್ದಕ್ಕಿಂತ ಹೆಚ್ಚು ನಷ್ಟ ಅದರಲ್ಲೇ ಆಗಿಹೋಗುತ್ತದೆ. ಸೀಟಿನ ಕೆಳಗೆ ಸಣ್ಣ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ, ಟಾರು ರಸ್ತೆಗೆ ಹತ್ತುವ ಮೊದಲು ತುಂಬಿಸುತ್ತೇನೆ. ಅಲೈನ್‌ಮೆಂಟನ್ನೂ ಹೊಸ ಡಿಸ್ಕು ಹಾಕಿದ ಕೂಡಲೇ ಮಾಡಿಸಿದೆ, ಸ್ವಲ್ಪ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ಪಾನಾ ಹಿಡಿದು ಮತ್ತೆ ಬಿಗಿಸಿದೆ.

ಸ್ಟೆಪ್ನಿಯ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ಗಾಡಿಯ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ಲುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ; ಒಂದು ಚಕ್ರ ಚಿಕ್ಕದಿದ್ದರೆ ಗಟ್ಟಿ ರಸ್ತೆಯಲ್ಲಿ ಗೇರುಪೆಟ್ಟಿಗೆಯೊಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಐದನೆಯ ಟೈರೂ ಅದೇ ಅಳತೆಯದ್ದಾಗಬೇಕು.

ವರ್ಷಕ್ಕೆ ಹದಿನೈದು ಸಾವಿರ ಕಿ.ಮೀ. ಎಂದು ಹಿಡಿದರೆ 12.7ಕ್ಕೂ 11.9ಕ್ಕೂ ನಡುವೆ ಸುಮಾರು 80 ಲೀಟರಿನ ವ್ಯತ್ಯಾಸ. ಲೀಟರಿಗೆ 90 ರೂಪಾಯಿಯಂತೆ ಏಳು ಸಾವಿರಕ್ಕೆ ಸ್ವಲ್ಪ ಹೆಚ್ಚು. ಓಡೋಮೀಟರಿನ ಮಾತನ್ನೇ ನಂಬಿದ್ದರೆ 140 ಲೀಟರ್ ಎಂದು ಬರೆದುಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಕರೆಸಿ ಗಾಡಿ ಎಳೆಸುವ ಖರ್ಚು, ಅದಕ್ಕಿಂತ ಹೆಚ್ಚಾಗಿ ಆಳುಗಳನ್ನು ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸುವ ನೆಮ್ಮದಿ, ಇವನ್ನು ಎದುರಿಗಿಟ್ಟರೆ ಟೈರಿಗೆ ನಾನು ಕೊಡುತ್ತಿರುವ ಏಳು ಸಾವಿರ ದುಬಾರಿಯಲ್ಲ. ತೋಟವೂ ಇಲ್ಲದೆ, ಕೆಸರೂ ಇಲ್ಲದೆ, ಹೆದ್ದಾರಿಯಲ್ಲೇ ಓಡಿಸುವವರು ಇಂಥ ಟೈರು ಹಾಕಿಸಿಕೊಂಡರೆ ಅದು ಪೂರ್ತಿ ಚೆಂದದ ಬೆಲೆ. ಬರೀ ಡಿಸ್ಕು ಬದಲಿಸಿ ಮೂಲ ಅಳತೆಯ ಟೈರನ್ನೇ ಉಳಿಸಿಕೊಂಡರೆ ಆ ಚೆಂದ ಡೀಸೆಲ್ಲಿನ ಮಟ್ಟಿಗೆ ಬಹುತೇಕ ಬಿಟ್ಟಿಯಾಗಿಯೇ ಸಿಗುತ್ತದೆ.

ಮೂರು ಹಂತಗಳನ್ನು ಬೇರೆಯಾಗಿ ಅಳೆದದ್ದರಿಂದ ನನ್ನ ಮುಂದಿನ ಆಯ್ಕೆ ಬದಲಾಗಿದೆ. ಕೆಸರಿನಲ್ಲಿ ನನಗೆ ಬೇಕಾಗಿದ್ದದ್ದು ಗೀರಿನ ಆಳ. ಅಗಲವೂ ಎತ್ತರವೂ ಅದರ ಜೊತೆಗೆ ಬಂದವು ಅಷ್ಟೆ. ಈ ಟೈರುಗಳು ಸವೆದ ಮೇಲೆ ಇದೇ ಡಿಸ್ಕುಗಳಿಗೆ 245/70 ಅಳತೆಯಲ್ಲೇ ಸಾಧಾರಣ ಒರಟಿನ ಆಲ್ ಟೆರೇನ್ ತರಿಸುವುದೆಂದು ಅಂಗಡಿಯವರಿಗೆ ಹೇಳಿಟ್ಟಿದ್ದೇನೆ. ಗೇರು ಮೊದಲಿನಂತಾಗುತ್ತದೆ, ಓಡೋಮೀಟರಿನ ತಿದ್ದುಪಡಿ ಬೇಕಾಗುವುದಿಲ್ಲ, 52ನೇ ಕಲಮಿನ ಚಿಂತೆಯೂ ಕಡಿಮೆ. ಡೀಸೆಲ್ಲಿನಲ್ಲಿ ಎಷ್ಟು ವಾಪಸ್ಸು ಬರುತ್ತದೆಂದು ಆಗ ಅದೇ ಬಂಕಿನಲ್ಲಿ ಅಳೆಯಬೇಕು.